ಕೈಕೊಟ್ಟಿದ್ದು ಯಂತ್ರವೇ?

ಕನ್ನಡ ಪತ್ರಿಕೆಗಳಲ್ಲಿ ವಿದ್ಯುತ್ ಸ್ಥಾವರ ನಿಂತ ಸುದ್ದಿಯನ್ನ ನಾಲ್ಕು ಸಲ ಓದಿದವರಿಗೆ ಒಂದು ಪದ ಬಾಯಿಪಾಠ ಆಗಿಬಿಟ್ಟಿರುತ್ತೆ: ‘ತಾಂತ್ರಿಕ ದೋಷ’. ರಾಯಚೂರಿನ ಒಂದು ಘಟಕ ನಿಂತರೆ ತಾಂತ್ರಿಕ ದೋಷ, ಶರಾವತಿಯಲ್ಲಿ ನಿಂತರೆ ತಾಂತ್ರಿಕ ದೋಷ. ಮಾತಿನ ಕನ್ನಡದಲ್ಲಿ ಇದಕ್ಕೆ ಇನ್ನೂ ಚೆಂದದ ಪದ ಇದೆ: ‘ಮಷೀನು ಕೈಕೊಡ್ತು’. ಅಂದ್ರೆ ನಾವು ನಂಬಿದ್ವಿ, ಅದು ಮೋಸ ಮಾಡ್ತು ಅಂತ.

ಕನ್ನಡ ಕಲೀತಿರೋರು ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ‘ತಪ್ಪು’ ಮತ್ತು ‘ದೋಷ’ ಎರಡನ್ನೂ ಡಿಕ್ಷನರಿ ಹೆಚ್ಚುಕಮ್ಮಿ ಒಂದೇ ಅರ್ಥದಲ್ಲಿ ಕೊಡುತ್ತೆ. ಬಳಕೆಯಲ್ಲಿ ಅವು ಒಂದಲ್ಲ. ತಪ್ಪನ್ನ ಯಾರೋ ಮಾಡ್ತಾರೆ, ದೋಷ ಸುಮ್ಮನೆ ಇರುತ್ತೆ. ಜಾತಕದಲ್ಲಿ ಕುಜದೋಷ ಇರುತ್ತೆ, ಕಣ್ಣಲ್ಲಿ ದೃಷ್ಟಿದೋಷ ಇರುತ್ತೆ. ಅದನ್ನ ಯಾರು ಮಾಡಿದ್ದು ಅಂತ ಯಾರೂ ಕೇಳಲ್ಲ. ಹಾಗಾಗಿ ‘ತಾಂತ್ರಿಕ ದೋಷ’ ಅಂದ ಕೂಡಲೇ ಸುದ್ದಿ ಮುಗೀತು. ಯಾರಿಗೆ ಏನು ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಯಾಕೆ ನಡೀತು ಅನ್ನೋ ಪ್ರಶ್ನೆಗೆ ಜಾಗವೇ ಉಳಿಯಲ್ಲ.

ಈ ಬರಹ ಆ ಪದದ ಮೇಲಿನ ಒಂದು ವಿಮರ್ಶೆ. ಅದಕ್ಕೆ ಸಾಕ್ಷಿಯಾಗಿ ಮೂರು ಪರಮಾಣು ಸ್ಥಾವರಗಳ ಕತೆ ತಗೊಳ್ತೀನಿ: ಒಂಟಾರಿಯೊದ ಪಿಕರಿಂಗ್, ಉತ್ತರ ಪ್ರದೇಶದ ನರೋರಾ, ನಮ್ಮ ಉತ್ತರ ಕನ್ನಡದ ಕೈಗಾ. ಈ ಮೂರನ್ನೇ ಯಾಕೆ ಅಂದ್ರೆ ಇವು ಒಂದೇ ಕುಟುಂಬದವು. ಹ್ಯೂರಾನ್ ಸರೋವರದ ದಡದಲ್ಲಿ, ಕಿಂಕಾರ್ಡಿನ್ ಹತ್ತಿರ ಕಟ್ಟಿದ ಡಗ್ಲಸ್ ಪಾಯಿಂಟ್ ಕ್ಯಾಂಡು ರಿಯಾಕ್ಟರಿನ ನಮೂನೆಯಲ್ಲೇ ಕೆನಡಾದ ಸಹಾಯದಿಂದ ರಾಜಸ್ಥಾನದ ರಾವತ್‌ಭಾಟದ ಮೊದಲ ಘಟಕ ಎದ್ದಿತು. 1974ರಲ್ಲಿ ಪೋಖ್ರಾನ್ ಪರೀಕ್ಷೆ ಆದ ಮೇಲೆ ಕೆನಡಾ ಕೈ ತೊಳ್ಕೊಂಡಿತು. ಭಾರತದ ಇಂಜಿನಿಯರುಗಳು ಅದೇ ವಿನ್ಯಾಸವನ್ನ ತಿದ್ದಿ ಬೆಳೆಸ್ತಾ ನರೋರಾಕ್ಕೆ, ಅಲ್ಲಿಂದ ಕೈಗಾಕ್ಕೆ ಬಂದರು. ಜಾರ್ಜ್‌ಟೌನಿನಲ್ಲಿ ಕೂತು ದೀಪ ಹಾಕಿದಾಗ ಬರೋ ಕರೆಂಟಿಗೂ ಕಾರವಾರದ ಕಡೆಯ ಕರೆಂಟಿಗೂ ಹೀಗೊಂದು ದಾಯಾದಿ ಸಂಬಂಧ ಇದೆ.

ಮೊದಲು ಒಂದು ವ್ಯತ್ಯಾಸ ಹೇಳಿಬಿಡ್ತೀನಿ. ಕಾರ್ಖಾನೆಯಲ್ಲಿ ಸುರಕ್ಷತೆ ಅಂದ್ರೆ ನಮಗೆ ಹೊಳೆಯೋದು ಹೆಲ್ಮೆಟ್ಟು, ಬೂಟು, ಜಾರಿ ಬೀಳಬೇಡಿ ಅನ್ನೋ ಬೋರ್ಡು. ಅದು ವ್ಯಕ್ತಿಯ ಸುರಕ್ಷತೆ. ಪ್ರಾಸೆಸ್ ಸೇಫ್ಟಿ ಅನ್ನೋದು ಬೇರೆ: ಒತ್ತಡದಲ್ಲಿರೋ ಹಬೆ, ಗ್ಯಾಸು, ಹೈಡ್ರೋಜನ್, ವಿಕಿರಣ ಇವೆಲ್ಲ ಇರಬೇಕಾದ ಜಾಗದಲ್ಲೇ ಇರೋ ಹಾಗೆ ನೋಡ್ಕೊಳ್ಳೋದು. ಮೊದಲನೆಯದು ಕಣ್ಣಿಗೆ ಕಾಣುತ್ತೆ. ಎರಡನೆಯದು ಹಾಳಾಗ್ತಾ ಇದ್ರೂ ವರ್ಷಗಟ್ಟಲೆ ಕಾಣಲ್ಲ.

ಪಿಕರಿಂಗ್, 1983

1983ರ ಆಗಸ್ಟ್ 1ರಂದು ಪಿಕರಿಂಗಿನ ಎರಡನೇ ಘಟಕದಲ್ಲಿ ಒಂದು ಪ್ರೆಶರ್ ಟ್ಯೂಬ್ ಸೀಳಿತು. ಸೀಳು ಸುಮಾರು ಎರಡು ಮೀಟರ್ ಉದ್ದ. ಆ ರಿಯಾಕ್ಟರಿನಲ್ಲಿ ಇಂಥ 390 ಟ್ಯೂಬುಗಳಿದ್ದವು. ಒಂದೊಂದರೊಳಗೂ ಇಂಧನ, ಅದರ ಸುತ್ತ ಬಿಸಿಯಾದ ಭಾರಜಲ. ಪ್ರತಿ ಟ್ಯೂಬಿನ ಹೊರಗೆ ಇನ್ನೊಂದು ಕೊಳವೆ, ಅದರಾಚೆ ತಣ್ಣನೆಯ ಭಾರಜಲ. ಒಳಗಿನ ಬಿಸಿ ಕೊಳವೆ ಹೊರಗಿನ ತಣ್ಣನೆ ಕೊಳವೆಗೆ ತಾಗಬಾರದು ಅಂತ ನಡುವೆ ಸ್ಪ್ರಿಂಗ್ ಬಳೆಗಳನ್ನ ತೊಡಿಸಿದ್ದರು.

ಬಳೆಗಳು ಜಾಗ ಬಿಟ್ಟು ಜರುಗಿದ್ದವು. ಆಸರೆ ಇಲ್ಲದ ಕಡೆ ಟ್ಯೂಬು ವರ್ಷಗಳಲ್ಲಿ ನಿಧಾನವಾಗಿ ಜೋತು ಬಿದ್ದು ಹೊರಗಿನ ಕೊಳವೆಗೆ ತಾಗಿತು. ತಾಗಿದ ಜಾಗ ತಣ್ಣಗಾಯಿತು. ಇಡ್ಲಿ ಪಾತ್ರೆಯ ಮುಚ್ಚಳ ತಣ್ಣಗಿರೋ ಕಡೆ ಹನಿ ಕಟ್ಟುತ್ತಲ್ಲ, ಹಾಗೆ ಲೋಹದೊಳಗೆ ಸೇರಿದ್ದ ಹೈಡ್ರೋಜನ್ ಬಳಗದ ಡ್ಯುಟೀರಿಯಂ ಆ ತಣ್ಣನೆ ಜಾಗಕ್ಕೆ ಬಂದು ಗುಳ್ಳೆ ಕಟ್ಟಿತು. ಗುಳ್ಳೆ ಕಟ್ಟಿದ ಲೋಹ ಹಪ್ಪಳದ ಹಾಗೆ, ಬಗ್ಗಲ್ಲ, ಮುರಿಯುತ್ತೆ. ಆಪರೇಟರುಗಳು ರಿಯಾಕ್ಟರನ್ನ ನಿಲ್ಲಿಸಿದರು. ತುರ್ತು ತಂಪು ವ್ಯವಸ್ಥೆ ಬಳಸೋ ಪ್ರಸಂಗ ಬರಲಿಲ್ಲ. ಯಾರಿಗೂ ಗಾಯ ಆಗಲಿಲ್ಲ.

ಈ ಪಾಠವನ್ನ ಒಂಟಾರಿಯೊ ಚೆನ್ನಾಗೇ ಕಲಿತಿತು. ಟ್ಯೂಬುಗಳ ಲೋಹ ಝಿರ್ಕಲಾಯ್-2 ಆಗಿತ್ತು. ಅದು ಡ್ಯುಟೀರಿಯಂ ಅನ್ನ ಹೆಚ್ಚು ಹೀರುತ್ತೆ ಅಂತ ಗೊತ್ತಾದ ಮೇಲೆ ಪಿಕರಿಂಗ್ ‘ಎ’ ವಿಭಾಗದ ನಾಲ್ಕೂ ಘಟಕಗಳ ಟ್ಯೂಬುಗಳನ್ನ ಒಂದೊಂದಾಗಿ ಕಿತ್ತು, ನಿಯೋಬಿಯಂ ಬೆರೆಸಿದ ಝಿರ್ಕೋನಿಯಂ ಟ್ಯೂಬು ಹಾಕಿದರು. ಹತ್ತು ವರ್ಷದ ಕೆಲಸ. ಕೆನಡಾ ಜೊತೆ ಸಂಬಂಧ ಕಡಿದುಹೋಗಿದ್ದರೂ ಪಾಠ ಭಾರತಕ್ಕೂ ತಲುಪಿತು. ಕೈಗಾದ ರಿಯಾಕ್ಟರುಗಳಿಗೆ ಶುರುವಿನಿಂದಲೇ ಹೊಸ ಲೋಹದ ಟ್ಯೂಬು ಬಂತು. ಹಳೇ ಲೋಹ ಇದ್ದ ರಾಜಸ್ಥಾನ, ಮದರಾಸು, ನರೋರಾ ಘಟಕಗಳಲ್ಲಿ ಆಮೇಲೆ ಟ್ಯೂಬು ಬದಲಿಸಿದರು. ಒಂದು ಬಿಡಿಭಾಗದ ಪಾಠ ಸಮುದ್ರ ದಾಟಿ, ರಾಜತಾಂತ್ರಿಕ ಮುನಿಸನ್ನೂ ದಾಟಿ ಬಂತು.

ನರೋರಾ, 1993

ಈಗ ಇನ್ನೊಂದು ಥರದ ಪಾಠ ನೋಡಿ. 1993ರ ಮಾರ್ಚ್ 31ರ ನಸುಕಿನಲ್ಲಿ ನರೋರಾದ ಮೊದಲ ಘಟಕದ ಟರ್ಬೈನಿನಲ್ಲಿ ಎರಡು ಬ್ಲೇಡುಗಳು ಮುರಿದವು. ತಿರುಗುತ್ತಿದ್ದ ಯಂತ್ರ ತೂಕ ತಪ್ಪಿ ಅದುರಿತು. ಜನರೇಟರನ್ನ ತಣ್ಣಗಿಡೋ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು, ಎಣ್ಣೆಗೂ ತಗುಲಿತು. ಬೆಂಕಿ ಕೇಬಲ್ಲುಗಳ ದಾರಿ ಹಿಡಿದು ಹೋಯಿತು. ಮುಖ್ಯ ಸಾಲು, ಬದಲಿ ಸಾಲು, ಎರಡರ ಕೇಬಲ್ಲುಗಳೂ ಸುಟ್ಟವು. ಸ್ಥಾವರಕ್ಕೆ 17 ಗಂಟೆ ಕರೆಂಟೇ ಇರಲಿಲ್ಲ. ಕಂಟ್ರೋಲ್ ರೂಮಿಗೆ ಹೊಗೆ ತುಂಬಿತು. ಸಿಬ್ಬಂದಿ ಟಾರ್ಚ್ ಹಿಡಿದು ಮೇಲಕ್ಕೆ ಹತ್ತಿ, ಕೈಯಲ್ಲಿ ವಾಲ್ವ್ ತಿರುಗಿಸಿ ರಿಯಾಕ್ಟರಿಗೆ ಬೋರಾನ್ ಬಿಟ್ಟರು. ಬೆಂಕಿ ನಂದಿಸೋ ಡೀಸೆಲ್ ಪಂಪುಗಳಿಂದಲೇ ಸ್ಟೀಮ್ ಜನರೇಟರಿಗೆ ನೀರು ಕೊಟ್ಟು ರಿಯಾಕ್ಟರಿನ ಬಿಸಿ ಇಳಿಸಿದರು. ಆ ಸಿಬ್ಬಂದಿಗೆ ನಾವೆಲ್ಲ ಋಣಿಗಳು.

ಬ್ಲೇಡು ಮುರಿದಿದ್ದನ್ನ ತಾಂತ್ರಿಕ ದೋಷ ಅನ್ನಬಹುದು. ಆದರೆ ಅದೇ ಬಗೆಯ ಬ್ಲೇಡುಗಳು ಬೇರೆ ದೇಶಗಳಲ್ಲಿ ಬಿರುಕು ಬಿಡ್ತಿವೆ, ವಿನ್ಯಾಸ ಬದಲಿಸಿ ಅಂತ ಜನರಲ್ ಎಲೆಕ್ಟ್ರಿಕ್ ಕಂಪನಿ 1989ರಲ್ಲೇ ಟರ್ಬೈನ್ ತಯಾರಿಸಿದ ಬಿಎಚ್‌ಇಎಲ್‌ಗೆ ತಿಳಿಸಿತ್ತು. ಬೆಂಕಿ ಬೀಳೋವರೆಗೂ ನರೋರಾದ ಬ್ಲೇಡುಗಳು ಬದಲಾಗಲಿಲ್ಲ. ಕೇಬಲ್ಲಿನ ಕತೆ ಇನ್ನೂ ಹಳೇದು. 1975ರ ಮಾರ್ಚ್ 22ರಂದು ಅಮೆರಿಕದ ಅಲಬಾಮಾದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ ಗಾಳಿ ಸೋರೋದನ್ನ ಪತ್ತೆ ಮಾಡೋಕೆ ಒಬ್ಬರು ಮೇಣದಬತ್ತಿ ಹಿಡಿದಿದ್ದರು. ಅದರಿಂದ ಹತ್ತಿದ ಬೆಂಕಿಗೆ ಸುಮಾರು 1600 ಕೇಬಲ್ಲು ಸುಟ್ಟವು. ಮುಖ್ಯ ಕೇಬಲ್ಲು, ಬದಲಿ ಕೇಬಲ್ಲು ಒಂದೇ ದಾರಿಯಲ್ಲಿ ಹೋಗಬಾರದು, ನಡುವೆ ಬೆಂಕಿ ತಡೆ ಇರಬೇಕು ಅನ್ನೋ ಪಾಠ ಅವತ್ತಿಂದ ಈ ಉದ್ಯಮದ ಪಠ್ಯವೇ ಆಯಿತು. ಹದಿನೆಂಟು ವರ್ಷದ ಮೇಲೆ ನರೋರಾದಲ್ಲಿ ಎರಡೂ ಒಟ್ಟಿಗೇ ಸುಟ್ಟವು.

ಕೈಗಾ, 1994

ಮುಂದಿನ ವರ್ಷವೇ ಕೈಗಾದ ಸರದಿ. 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದ ಮೊದಲ ಘಟಕದ ಒಳಗುಮ್ಮಟದ ಕೆಳಪದರ ಕಳಚಿ ಬಿತ್ತು. ಸುಮಾರು 130 ಟನ್ ಕಾಂಕ್ರೀಟು. 14 ಕಾರ್ಮಿಕರಿಗೆ ಗಾಯ ಆಯಿತು, ಪುಣ್ಯಕ್ಕೆ ಜೀವ ಹೋಗಲಿಲ್ಲ. ರಿಯಾಕ್ಟರಿಗೆ ಇನ್ನೂ ಇಂಧನ ಹಾಕಿರಲಿಲ್ಲ. ಅಪಘಾತ ಆದಾಗ ವಿಕಿರಣವನ್ನ ಒಳಗೇ ಹಿಡಿದಿಡಬೇಕಾದ ಕೊನೇ ಗೋಡೆ ಅಂತ ಕಟ್ಟುತ್ತಿದ್ದ ಗುಮ್ಮಟ, ಅಪಘಾತ ಇಲ್ಲದೆಯೇ ಬಿತ್ತು.

ಕಾರಣ ಅರ್ಥ ಮಾಡ್ಕೊಳ್ಳೋದು ಕಷ್ಟ ಅಲ್ಲ. ಗುಮ್ಮಟದ ಕಾಂಕ್ರೀಟಿನೊಳಗೆ ಉಕ್ಕಿನ ಕೇಬಲ್ಲುಗಳನ್ನ ಬಾಗಿಸಿ ಹಾಕಿ ಬಿಗಿಯಾಗಿ ಎಳೀತಾರೆ. ಬಾಗಿದ ಹಗ್ಗವನ್ನ ಎಳೆದರೆ ಅದು ನೇರ ಆಗೋಕೆ ನೋಡುತ್ತೆ, ಸುತ್ತಲಿನ ಕಾಂಕ್ರೀಟನ್ನ ಪದರ ಪದರವಾಗಿ ಬಿಡಿಸೋಕೆ ನೋಡುತ್ತೆ. ಪದರಗಳನ್ನ ಹೊಲಿದ ಹಾಗೆ ಅಡ್ಡಲಾಗಿ ಕಬ್ಬಿಣ ಹಾಕಿಲ್ಲದಿದ್ರೆ ಈರುಳ್ಳಿ ಸಿಪ್ಪೆ ಥರ ಬಿಟ್ಟುಕೊಳ್ಳುತ್ತೆ.

ಇದೂ ಜಗತ್ತಿಗೆ ಹೊಸದಲ್ಲ. ಫ್ಲಾರಿಡಾದ ಟರ್ಕಿ ಪಾಯಿಂಟಿನಲ್ಲಿ 1970ರಲ್ಲಿ, ಅದೇ ರಾಜ್ಯದ ಕ್ರಿಸ್ಟಲ್ ರಿವರಿನಲ್ಲಿ 1976ರಲ್ಲಿ ಗುಮ್ಮಟಗಳು ಹೀಗೇ ಪದರ ಬಿಟ್ಟಿದ್ದವು. ಕೈಗಾದ ನಕ್ಷೆ ಬರೆಯೋ ಹೊತ್ತಿಗೆ ಆ ವಿಷಯ ಓದಲು ಸಿಗುತ್ತಿತ್ತು. ಓದಿ, ‘ನಮ್ಮ ಗುಮ್ಮಟಕ್ಕೂ ಇದು ಆಗಬಹುದಾ?’ ಅಂತ ಕೇಳೋ ಹೊರಗಿನವರೊಬ್ಬರು ಬೇಕಿತ್ತು. ನಕ್ಷೆ ಬರೆದವರು, ಒಪ್ಪಿದವರು ಎಲ್ಲ ಒಂದೇ ಮನೆಯವರಾದರೆ ಆ ಪ್ರಶ್ನೆ ಹುಟ್ಟೋದು ಕಷ್ಟ. ಆಮೇಲೆ ಗುಮ್ಮಟದ ವಿನ್ಯಾಸವನ್ನೇ ಬದಲಿಸಿದರು, ಗಟ್ಟಿ ಕಾಂಕ್ರೀಟು ಬಳಸಿದರು. 2000ದಲ್ಲಿ ಎರಡನೇ ಘಟಕ ಮೊದಲು ಶುರುವಾಗಿ, ಮೊದಲನೇ ಘಟಕ ಆಮೇಲೆ ಶುರುವಾಯಿತು.

ಇಷ್ಟು ಕೇಳಿ ‘ಇಂಡಿಯಾದಲ್ಲಿ ಹಾಗೇ ಬಿಡಿ, ಇಲ್ಲಿ ಹಾಗಲ್ಲ’ ಅನ್ನೋ ಮಾತು ಬಾಯಿಗೆ ಬರೋದು ಸಹಜ. ನಮ್ಮ ಹೊರನಾಡ ಕೂಟಗಳಲ್ಲಿ ಈ ಮಾತು ಕಾಫಿ ಜೊತೆಗೇ ಬರುತ್ತೆ. ಅದು ನಿಜ ಆಗಿದ್ರೆ ಈ ಬರಹವೇ ಬೇಡವಾಗಿತ್ತು. 1976ರಲ್ಲಿ ಗುಮ್ಮಟ ಪದರ ಬಿಟ್ಟಿದ್ದ ಅದೇ ಕ್ರಿಸ್ಟಲ್ ರಿವರಿನಲ್ಲಿ 2009ರಲ್ಲಿ ಸ್ಟೀಮ್ ಜನರೇಟರ್ ಬದಲಿಸೋಕೆ ಗೋಡೆಯಲ್ಲಿ ಕಿಂಡಿ ಕೊರೆದಾಗ ಗೋಡೆಯೇ ಪದರ ಬಿಟ್ಟಿತು. ಆ ಸ್ಥಾವರ ಮತ್ತೆ ಶುರುವಾಗಲೇ ಇಲ್ಲ. 2013ರಲ್ಲಿ ಅದನ್ನ ಮುಚ್ಚೋ ತೀರ್ಮಾನ ಮಾಡಿದರು. ತನ್ನದೇ ಪಾಠವನ್ನ ತಾನೇ ಮರೆಯೋಕೆ ಇಂಡಿಯಾದಲ್ಲೇ ಇರಬೇಕು ಅಂತೇನಿಲ್ಲ.

ಪಿಕರಿಂಗ್ ಕತೆಯೂ ಅಲ್ಲಿಗೇ ಮುಗಿಯಲಿಲ್ಲ. ಟ್ಯೂಬು ಬದಲಿಸಿದ್ದ ಅದೇ ಎರಡನೇ ಘಟಕದಲ್ಲಿ 1994ರ ಡಿಸೆಂಬರ್ 10ರಂದು ಒಂದು ರಿಲೀಫ್ ವಾಲ್ವ್ ಕೆಟ್ಟು, ಪೈಪು ಒಡೆದು, ಭಾರಜಲ ಹೊರಗೆ ಹರಿಯಿತು. 1983ರಲ್ಲಿ ಬೇಕಾಗದ ತುರ್ತು ತಂಪು ವ್ಯವಸ್ಥೆ ಈ ಸಲ ಬೇಕಾಯಿತು. 1997ರ ಆಗಸ್ಟಿನಲ್ಲಿ ಒಂಟಾರಿಯೊ ಹೈಡ್ರೊ ತಾನೇ ಅಮೆರಿಕದ ತಜ್ಞರನ್ನ ಕರೆಸಿ ಮಾಡಿಸಿದ ಪರಿಶೀಲನೆಯ ವರದಿ ಹೊರಬಿತ್ತು. ಸ್ಥಾವರಗಳ ನಿರ್ವಹಣೆಗೆ ಅವರು ಕೊಟ್ಟ ದರ್ಜೆ ‘ಕನಿಷ್ಠ ಒಪ್ಪಬಹುದಾದದ್ದು’. ದುರಸ್ತಿಯ ಶಿಸ್ತು, ತರಬೇತಿ, ಮೇಲ್ವಿಚಾರಣೆ ಎಲ್ಲದರಲ್ಲೂ ಕೊರತೆ ಕಂಡಿತ್ತು. ಏಳು ರಿಯಾಕ್ಟರುಗಳನ್ನ ನಿಲ್ಲಿಸೋ ತೀರ್ಮಾನ ಆಯಿತು. ಅದರಲ್ಲಿ ಹೊಸ ಟ್ಯೂಬು ತೊಟ್ಟಿದ್ದ ಪಿಕರಿಂಗ್ ‘ಎ’ಯ ನಾಲ್ಕೂ ಇದ್ದವು. ಎರಡು ವಾಪಸ್ ಬಂದವು, ಎರಡು ಬರಲೇ ಇಲ್ಲ.

ನನ್ನ ಮುಖ್ಯ ಮಾತು ಇದು. ಬಿಡಿಭಾಗದ ಪಾಠ ಬೇಗ ಹರಡುತ್ತೆ. ಅದಕ್ಕೊಂದು ಹೆಸರಿದೆ, ನಂಬರ್ ಇದೆ, ಆರ್ಡರ್ ಕೊಟ್ಟು ತರಿಸಬಹುದು. ಅಭ್ಯಾಸದ ಪಾಠ ಹಾಗೆ ಹರಡಲ್ಲ. ಎಚ್ಚರಿಕೆಯ ಪತ್ರ ಬಂದಾಗ ಅದನ್ನ ಯಾರು ಓದಬೇಕು, ಓದಿದವರಿಗೆ ಯಂತ್ರ ನಿಲ್ಲಿಸೋ ಅಧಿಕಾರ ಇದೆಯಾ, ಕೆಳಗಿನ ಕೆಲಸಗಾರ ‘ಇದು ಸರಿ ಕಾಣ್ತಿಲ್ಲ’ ಅಂದಾಗ ಮೇಲಿನವರು ಏನಂತಾರೆ, ಇವು ಗೋದಾಮಿನಲ್ಲಿ ಸಿಗೋ ಸಾಮಾನಲ್ಲ. ‘ತಾಂತ್ರಿಕ ದೋಷ’ ಅನ್ನೋ ಪದ ಪ್ರತಿಯೊಂದು ಘಟನೆಯನ್ನೂ ಮೊದಲ ಸಾಲಿಗೆ ತಳ್ಳುತ್ತೆ. ಭಾಗ ಕೆಟ್ಟಿತು, ಭಾಗ ಬದಲಿಸಿದ್ವಿ, ಮುಂದೆ ನಡೀರಿ.

ಭಾಗವೇ ಕೆಡದೆ ಅನಾಹುತ ಆಗಿದ್ದೂ ಇದೆ. ಜಾರ್ಜ್‌ಟೌನಿನಿಂದ ದಕ್ಷಿಣಕ್ಕೆ 401 ಹೆದ್ದಾರಿ ಕಡೆ ಹೋದರೆ, ಸ್ಟೀಲ್ಸ್ ಅವೆನ್ಯೂ ಹತ್ತಿರ ಹಾಲ್ಟನ್ ಹಿಲ್ಸ್ ಗ್ಯಾಸ್ ವಿದ್ಯುತ್ ಕೇಂದ್ರ ಇದೆ. 683 ಮೆಗಾವ್ಯಾಟ್, 2010ರ ಸೆಪ್ಟೆಂಬರಿನಲ್ಲಿ ಶುರುವಾಗಿದ್ದು. ಅದೇ ವರ್ಷ ಫೆಬ್ರವರಿ 7ರಂದು ಅಮೆರಿಕದ ಕನೆಕ್ಟಿಕಟ್‌ನಲ್ಲಿ ಇಂಥದ್ದೇ ಒಂದು ಹೊಸ ಕೇಂದ್ರ, ಕ್ಲೀನ್ ಎನರ್ಜಿ, ಇನ್ನೂ ಶುರುವಾಗೋ ಮೊದಲೇ ಸ್ಫೋಟಿಸಿ ಆರು ಜನ ಸತ್ತರು. ಅಲ್ಲಿ ಯಾವ ಯಂತ್ರವೂ ಕೈಕೊಟ್ಟಿರಲಿಲ್ಲ. ಹೊಸ ಪೈಪುಗಳೊಳಗಿನ ಕಸ ತೆಗೆಯೋಕೆ ನೈಸರ್ಗಿಕ ಗ್ಯಾಸನ್ನೇ ಜೋರಾಗಿ ಊದಿ ಹೊರಗೆ ಬಿಡ್ತಿದ್ದರು. ಬಿಟ್ಟ ಗ್ಯಾಸು ಕಟ್ಟಡಗಳ ನಡುವೆ ಶೇಖರ ಆಗಿ ಕಿಡಿ ಹತ್ತಿತು. ಆ ಉದ್ಯಮದಲ್ಲಿ ಅದು ಎಲ್ಲರೂ ಮಾಡೋ ಪದ್ಧತಿ ಆಗಿತ್ತು. ತನಿಖೆ ಮಾಡಿದ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ಆ ಪದ್ಧತಿಯನ್ನೇ ನಿಲ್ಲಿಸಿ ಅಂದಿತು. ಗಾಳಿ ಊದಿಯೂ ಆ ಕೆಲಸ ಮಾಡಬಹುದಿತ್ತು.

ಕನ್ನಡದಲ್ಲಿ ಇನ್ನೊಂದು ನುಡಿಗಟ್ಟು ಇದೆ: ‘ಕೂದಲೆಳೆ ಅಂತರದಲ್ಲಿ ಪಾರು’. ಪ್ರಾಸೆಸ್ ಸೇಫ್ಟಿಯವರು ‘ನಿಯರ್ ಮಿಸ್’ ಅನ್ನೋದು ಇದನ್ನೇ. ಅವರ ಪಾಲಿಗೆ ನಿಯರ್ ಮಿಸ್ ಅಂದ್ರೆ ಪುಕ್ಕಟೆ ಸಿಕ್ಕ ಪಾಠ. ಯಾರಿಗೂ ಏಟಾಗದೆ ಯಂತ್ರ ತನ್ನ ಹುಳುಕನ್ನ ತೋರಿಸಿಕೊಟ್ಟಿದೆ, ಬರೆದಿಡಿ, ಹಂಚಿ ಅಂತಾರೆ. ನಾವು ‘ಕೂದಲೆಳೆ’ ಅಂದ ಮೇಲೆ ಸೇರಿಸೋದು ‘ದೇವರು ದೊಡ್ಡವನು’. ದೇವರಿಗೆ ಕೈ ಮುಗಿಯೋದಕ್ಕೆ ನನ್ನ ತಕರಾರಿಲ್ಲ. ಮುಗಿದ ಕೈ ಆಮೇಲೆ ಪೆನ್ನು ಹಿಡೀಬೇಕು ಅಷ್ಟೇ.

ದಾಖಲೆಗಳ ಸಂಭ್ರಮದಲ್ಲೂ ಇದೇ ತೊಡಕು. ಗುಮ್ಮಟ ಬಿದ್ದಿದ್ದ ಕೈಗಾ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಆ ದಾಖಲೆಯನ್ನ ಆಮೇಲೆ ಮುರಿದಿದ್ದು ನಮ್ಮ ಟೊರೊಂಟೊ ಪೂರ್ವದ ಡಾರ್ಲಿಂಗ್ಟನ್, 1106 ದಿನ ಓಡಿ. ಎರಡೂ ಹೆಮ್ಮೆಯ ಕೆಲಸವೇ, ಒಳ್ಳೆ ದುರಸ್ತಿ ಇಲ್ಲದೆ ಹಾಗೆ ಓಡಲ್ಲ. ಆದರೆ ಎಷ್ಟು ದಿನ ಓಡಿತು ಅನ್ನೋದು ಆರೋಗ್ಯದ ಪೂರ್ತಿ ಲೆಕ್ಕ ಅಲ್ಲ. ಕೈಗಾದ ಈ ದಾಖಲೆ ಎಷ್ಟೋ ಕನ್ನಡಿಗರಿಗೆ ಗೊತ್ತು. ಅದು ಶುರುವಾದ ತಾರೀಖು ಮೇ 13 ಅನ್ನೋದು ಎಷ್ಟು ಜನಕ್ಕೆ ಏನನ್ನಾದರೂ ನೆನಪಿಸುತ್ತೆ?

ಮರೆವಿಗೆ ಒಂದು ಕಾರಣ ನಮ್ಮ ಚರ್ಚೆಯ ರೀತಿ. ಕೈಗಾ ಅಂದ್ರೆ ಕನ್ನಡದಲ್ಲಿ ದೊಡ್ಡ ಜಗಳ ನಡೆದಿದ್ದು ‘ಬೇಕೋ ಬೇಡವೋ’ ಅನ್ನೋದರ ಮೇಲೆ. ಶಿವರಾಮ ಕಾರಂತರು ಅದನ್ನ ವಿರೋಧಿಸಿ 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತರು, ಸೋತರು. ಅದು ಬೇಕಿದ್ದ ಜಗಳ. ಸ್ಥಾವರ ಎದ್ದ ಮೇಲೆ ಬೇರೆ ಪ್ರಶ್ನೆಗಳು ಶುರುವಾಗಬೇಕಿತ್ತು: ಹೇಗೆ ನಡೀತಿದೆ, ಯಾರು ಪರೀಕ್ಷೆ ಮಾಡ್ತಾರೆ, ಆ ವರದಿ ಯಾರ ಭಾಷೆಯಲ್ಲಿದೆ? ಬೇಕು ಅಂದವರು ಹೊಗಳೋದರಲ್ಲಿ ಉಳಿದರು, ಬೇಡ ಅಂದವರು ಬೈಯೋದರಲ್ಲಿ. ಈಗ ಅಲ್ಲೇ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳ ಯೋಜನೆ ಇದೆ. ಪ್ರಶ್ನೆ ಹಳೇದಾಗಿಲ್ಲ.

‘ತಾಂತ್ರಿಕ ದೋಷ’ಕ್ಕೆ ಒಬ್ಬ ತಮ್ಮ ಇದ್ದಾನೆ: ‘ಮಾನವ ದೋಷ’. 2020ರ ಜನವರಿ 12ರ ಭಾನುವಾರ ಬೆಳಿಗ್ಗೆ 7:23ಕ್ಕೆ ಒಂಟಾರಿಯೊದ ಫೋನುಗಳೆಲ್ಲ ಕಿರುಚಿದ್ದು ಇಲ್ಲಿಯವರಿಗೆ ನೆನಪಿರುತ್ತೆ. ಪಿಕರಿಂಗಿನಲ್ಲಿ ಏನೋ ಘಟನೆ ಆಗಿದೆ ಅನ್ನೋ ಎಚ್ಚರಿಕೆ, ಸುಮಾರು 70 ಕಿಲೋಮೀಟರ್ ದೂರದ ಜಾರ್ಜ್‌ಟೌನಿಗೂ ಬಂತು. ಅಲ್ಲಿ ಏನೂ ಆಗಿರಲಿಲ್ಲ. ತುರ್ತು ಕೇಂದ್ರದ ಅಧಿಕಾರಿ ಅಭ್ಯಾಸದ ವ್ಯವಸ್ಥೆಯಲ್ಲಿದ್ದೇನೆ ಅಂದ್ಕೊಂಡು ನಿಜವಾದದ್ದರಲ್ಲೇ ಸಂದೇಶ ಕಳಿಸಿದ್ದರು. ಮಾನವ ದೋಷ ಅಂದರು. ಆದರೆ ಅದು ತಪ್ಪು ಸಂದೇಶ ಅಂತ ಎಲ್ಲರ ಫೋನಿಗೆ ಹೇಳೋಕೆ ಇನ್ನೂ 108 ನಿಮಿಷ ಹಿಡೀತು. ಸಂದೇಶ ವಾಪಸ್ ಪಡೆಯೋ ಸ್ಪಷ್ಟ ಕ್ರಮವೇ ಇರಲಿಲ್ಲ. ಒಬ್ಬರ ಬೆರಳು ಜಾರಿದ್ದು ಒಂದು ಕ್ಷಣ. ಉಳಿದ ಸಮಯ ವ್ಯವಸ್ಥೆಯದು. ‘ಮಾನವ ದೋಷ’ ಅನ್ನೋ ಪದ ಆ ಕ್ಷಣವನ್ನ ತೋರಿಸಿ, ಉಳಿದಿದ್ದನ್ನ ಮುಚ್ಚುತ್ತೆ.

ಈ ಪದಗಳನ್ನ ನಾವು ಬಿಟ್ಟುಬಿಡೋಕೆ ಆಗಲ್ಲ, ಪೇಪರಿನಲ್ಲಿ ಬರ್ತಾನೇ ಇರುತ್ತವೆ. ಅವು ಬಂದಾಗ ಮೂರು ಪ್ರಶ್ನೆ ಜೊತೆಗಿಟ್ಟುಕೊಂಡು ಓದಬಹುದು. ಇದು ಬೇರೆಲ್ಲಾದರೂ ಮೊದಲೇ ಆಗಿತ್ತಾ? ಆಗಿದ್ದರೆ ಆ ಸುದ್ದಿ ಇಲ್ಲಿ ಯಾರ ಮೇಜಿಗೆ ಬಂದಿತ್ತು? ಬಂದ ಮೇಲೆ ಏನು ಬದಲಾಯಿತು? ಕನ್ನಡ ಕಲಿಯೋ ಮಕ್ಕಳಿಗೆ ಇದನ್ನ ಒಂದು ವ್ಯಾಕರಣದ ಆಟವಾಗಿಯೂ ಆಡಿಸಬಹುದು. ‘ತಾಂತ್ರಿಕ ದೋಷದಿಂದ ಘಟಕ ಸ್ಥಗಿತ’ ಅನ್ನೋ ತಲೆಬರಹ ಕೊಟ್ಟು, ಇದರಲ್ಲಿ ಕರ್ತೃ ಯಾರು ಅಂತ ಕೇಳಿ. ವ್ಯಾಕರಣಕ್ಕೆ ‘ಘಟಕ’ ಸಿಗುತ್ತೆ, ಆದರೆ ಕೆಲಸ ಮಾಡಿದವರು ಯಾರೂ ಸಿಗಲ್ಲ. ಆಮೇಲೆ ನರೋರಾ ಕತೆ ಹೇಳಿ, ಕರ್ತೃ ಇರೋ ಹಾಗೆ ಒಂದು ವಾಕ್ಯ ಬರೆಯೋಕೆ ಹೇಳಿ: ‘ಬ್ಲೇಡು ಬಿರುಕು ಬಿಡುತ್ತದೆ ಎಂದು ಅವರು ತಿಳಿಸಿದರು, ಇವರು ಬದಲಿಸಲಿಲ್ಲ.’ ಆ ಮಕ್ಕಳಲ್ಲಿ ಒಬ್ಬರಾದರೂ ಮುಂದೆ ಯಾವುದಾದರೂ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಕೂರಬಹುದು, ಹಾಲ್ಟನ್ ಹಿಲ್ಸಿನಲ್ಲೋ ಕೈಗಾದಲ್ಲೋ. ಅವತ್ತು ಮೇಜಿಗೆ ಒಂದು ಎಚ್ಚರಿಕೆಯ ಪತ್ರ ಬಂದರೆ ಈ ವಾಕ್ಯ ನೆನಪಾದರೂ ಸಾಕು.